ಹಿತ್ತಲದ ಕಾಲುವಿ, ಆದಿಲಶಾಹಿ ನೀರು

ನಮ್ಮ ಹಿತ್ತಲದಾಗ ಒಂದು ಸಣ್ಣ ಕಾಲುವಿ ಮಾಡೀವಿ ಅನ್ನೋ ಸುದ್ದಿ ಲಚ್ಯಾಣದಾಗ ಮನಿ ಮನಿಗೆ ಮುಟ್ಟೈತಿ. ಬಂದವರೆಲ್ಲಾ ಮೊದಲ ಹಿತ್ತಲಕ್ಕ ಹೋಗಿ ನೋಡಿ, ಆಮ್ಯಾಲೆ ಚಾ ಕುಡಿಯಾಕ ಕುಂದರ್ತಾರ. "ಇಷ್ಟ ಸಾವಕಾಶ ಯಾಕ ಹರೀತೈತಿ? ಗೌಂಡಿ ಉತಾರ ಕೊಟ್ಟಿಲ್ಲೇನು?" ಅಂತ ಎಲ್ಲಾರೂ ಕೇಳ್ತೀರಿ. ಉತ್ತರ ಹೇಳಬೇಕಂದ್ರ ನಾನೂರು ವರ್ಷ ಹಿಂದಕ್ಕ ಹೋಗಬೇಕಾಗ್ತೈತಿ. ನಿಂತಲ್ಲೇ ಹೇಳೋ ಮಾತಲ್ಲ, ಅದಕ್ಕ ಬರಿಯಾಕತ್ತೀನಿ.

ಮೊದಲ ನಮ್ಮ ಕಥಿ ಮುಗಸ್ತೀನಿ. ಬೋರಿನ ಬಾಜೂಕ ದನಾ ನೀರು ಕುಡೀತಿದ್ದ ಹಳೇ ಕಲ್ಲಿನ ಹೌದ ಇತ್ತು. ದನಾ ಹೋದ್ವು, ಹೌದ ಉಳೀತು. ಅಲ್ಲಿಂದ ಮೂವತ್ತು ಅಡಿ ಕೆಳಗ ಲಿಂಬಿ ಗಿಡದ ಹತ್ರ ನಮ್ಮ ಸೊಸಿ ತಾವರಿ ಹಚ್ಚಾಕ ಇನ್ನೊಂದು ಹೊಂಡ ತೋಡಿಸಿದಳು. ಎರಡರ ನಡುವ ನೀರು ಹರದು ಹೋಗೋ ಹಂಗ ಕಾಲುವಿ ಬೇಕಂದಳು. ನಮ್ಮ ಅತ್ತಿಯವರಿಗೆ ಇದು ಸೇರಲಿಲ್ಲ. "ಎಪ್ಪತ್ತೆರಡರ ಬರದಾಗ ಒಂದು ಕೊಡ ನೀರಿಗೆ ಹಳ್ಳದ ವರ್ತಿ ಮುಂದ ರಾತ್ರಿ ಕುಂತಾಕಿ ನಾನು. ಈಗ ನೀವು ಹಿತ್ತಲದಾಗ ನೀರು ಕುಣಸ್ತೀರೇನವಾ?" ಅಂದ್ರು. ಇಂಡಿ ತಾಲೂಕಿನಾಗ ಹುಟ್ಟಿದವರಿಗೆ ಆ ಮಾತಿನ ತೂಕ ಗೊತ್ತು. ನಾನು ಸುಮ್ಮನಾದೆ. ಸೊಸಿ ಸುಮ್ಮನಾಗಲಿಲ್ಲ. "ಅಜ್ಜಿ, ಹೆಂಗೂ ದಿನಾ ಪೈಪ ಹಚ್ಚಿ ಲಿಂಬಿ ಗಿಡಕ್ಕ ನೀರು ಬಿಡ್ತೀವಲ್ರಿ. ಅದೇ ನೀರು ಪೈಪಿನ ಬದಲಿ ಕಾಲುವಿಯೊಳಗ ಹೋಗ್ತೈತಿ. ಒಂದು ಕೊಡ ಹೆಚ್ಚಿಗಿ ಎತ್ತೂದಿಲ್ಲ" ಅಂದಳು. ಅತ್ತಿಯವರು ಹೂಂ ಅನ್ನಲಿಲ್ಲ, ಬ್ಯಾಡಾನೂ ಅನ್ನಲಿಲ್ಲ.

ಗೌಂಡಿ ಬಂದು ಎರಡು ದಿನದಾಗ ಕೆಲಸ ಮುಗಿಸಿದ. ಮ್ಯಾಲಿನ ಹೌದದಿಂದ ಕೆಳಗಿನ ಹೊಂಡಕ್ಕ ಎರಡು ಅಡಿ ಇಳಿಜಾರ ಐತಿ. ಅವ ಒಂದೇ ಗೆರಿ ಎಳದಂಗ ಸೀದಾ ಇಳಿಸಿಬಿಟ್ಟ. ನೀರು ಬಿಟ್ಟಾಗ ಮೊದಲ ದಿನ ಚಂದ ಕಂಡಿತು. ಹುಡುಗರು ಕಾಗದದ ದೋಣಿ ಬಿಟ್ರು. ನಾಕನೇ ದಿನಕ್ಕ ಕಾಲುವಿ ಬಾಯಿಯ ಮಣ್ಣು ಕಿತ್ತು ಹೋಗಿತ್ತು, ಗರಸು, ಕಸ ಎಲ್ಲಾ ಹೊಂಡದೊಳಗ. ತಾವರಿ ಗಡ್ಡಿ ರಾಡಿಯೊಳಗ ಹೂತು ಹೋತು. ಪಂಪ ಬಂದ್ ಮಾಡಿದ ಎರಡು ನಿಮಿಷಕ್ಕ ಕಾಲುವಿ ಖಾಲಿ, ಕೆಳಗ ಹೊಂಡ ತುಂಬಿ ಹೊರಗ ಚೆಲ್ಲತಿತ್ತು. ಅತ್ತಿಯವರು ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದ ಹೆಚ್ಚು ಚುಚ್ಚಿತು.

ಅದೇ ವಾರ ಒಂದು ಮದಿವಿಗೆ ವಿಜಾಪುರಕ್ಕ ಹೋಗಿದ್ದೆ. ನಾವು ಸಣ್ಣವರಿದ್ದಾಗ ಲಚ್ಯಾಣದಾಗ ರೈಲು ಹತ್ತಿ ವಿಜಾಪುರಕ್ಕ ಹೋದ್ರ, ಓಣಿ ಓಣಿಯೊಳಗ ಚೌಕನೆಯ ಕಲ್ಲಿನ ಕಂಬದಂಥಾ ಗೋಪುರ ಕಾಣತಿದ್ದವು. ಮೆಟ್ಟಲಿಲ್ಲ, ಒಳಗ ಹೋಗಾಕ ಬಾಗಲ ಇಲ್ಲ. ಕಾವಲಿಗೆ ಕಟ್ಟಿದ್ದಿರಬೇಕು ಅಂತ ತಿಳಕೊಂಡಿದ್ದೆ. ಅವಕ್ಕ ಗಂಜ ಅಂತಾರ. ಅವು ನೀರಿನ ಗೋಪುರ. ಇದು ತಿಳಿಯಾಕ ನನಗ ಮೊಮ್ಮಕ್ಕಳಾಗಬೇಕಾತು!

ವಿಜಾಪುರದ ಊರೊಳಗ ನದಿ ಇಲ್ಲ. ಭೀಮಾ ಬಡಗಕ್ಕ, ಕೃಷ್ಣಾ ತೆಂಕಕ್ಕ, ಎರಡೂ ದೂರ. ನೆಲದ ಕೆಳಗ ಕರಿಕಲ್ಲು. ಅಂಥಾ ಜಾಗಾದಾಗ ಆದಿಲಶಾಹಿಗಳು ರಾಜಧಾನಿ ಕಟ್ಟಿದ್ರು. ಮೊದಲಿಗೆ ಬಾವಿ ನೀರಿಂದ ನಡದಿರಬೇಕು. 1565ರಾಗ ವಿಜಯನಗರ ಬಿದ್ದ ಮ್ಯಾಲೆ ಈ ಕಡೆ ಹಣ, ಜನ ಎರಡೂ ಹೆಚ್ಚಾದ್ವು. ಒಂದನೇ ಅಲಿ ಆದಿಲಶಹಾ 1579ರಾಗ ಚಾಂದ ಬಾವಡಿ ಕಟ್ಟಿಸಿದ, ಹೆಂಡತಿ ಚಾಂದಬೀಬಿ ಹೆಸರಿಗೆ. ಮರುವರ್ಷ ಅವ ಸತ್ತ. ಚಾಂದಬೀಬಿ ಸಣ್ಣ ಹುಡುಗ ಇಬ್ರಾಹಿಮನ ಪರವಾಗಿ ರಾಜ್ಯ ನೋಡಿದಳು, ಮುಂದ ತವರಿಗೆ ಹೋಗಿ ಅಹಮದನಗರದ ಕೋಟಿ ಕಾದಳು. ಆ ಇಬ್ರಾಹಿಮ ದೊಡ್ಡವನಾಗಿ ತನ್ನ ಬೇಗಂ ತಾಜ ಸುಲ್ತಾನಾಳ ಹೆಸರಿಗೆ 1620ರಾಗ ತಾಜ ಬಾವಡಿ ಕಟ್ಟಿಸಿದ. ಅವನ ಮಗ ಮಹಮ್ಮದ ಆದಿಲಶಹಾ, ಗೋಳಗುಮ್ಮಟದವ, ಊರ ತೆಂಕಕ್ಕ 1651ರಾಗ ಬೇಗಂ ತಲಾಬ ಕಟ್ಟಿಸಿದ. ಅದು ಜಹಾನ ಬೇಗಂ ನೆನಪಿಗೆ. ನೋಡ್ರಿ, ನೀರಿಗೆ ಮಾತ್ರ ಹೆಂಗಸರ ಹೆಸರು. ಕೊಡ ಹೊತ್ತವರ ಹೆಸರು ಯಾವ ಬಾವಿಗೂ ಇಲ್ಲ, ಅದು ಬ್ಯಾರೆ ಮಾತು.

ಬಾವಡಿ ಅಂದ್ರ ನಾವ ಇಳದು ಹೋಗಿ ನೀರು ತರೋದು. ಅದಕ್ಕಿಂತ ನನಗ ಹೆಚ್ಚು ಆಶ್ಚರ್ಯ ಆದದ್ದು ನೀರೇ ನಡಕೊಂಡು ಊರಿಗೆ ಬಂದ ಕಥಿ. ಅದರ ಒಂದು ಹಾದಿ ಪಡುವಲದ ತೊರವಿಯಿಂದ. ತೊರವಿ ಅಂದ್ರ ನಮಗೆಲ್ಲಾ ನರಸಿಂಹನ ಗುಡಿ ನೆನಪಾಗ್ತೈತಿ, ತೊರವೆ ರಾಮಾಯಣ ನೆನಪಾಗ್ತೈತಿ. ಇಬ್ರಾಹಿಮ ಆದಿಲಶಹಾ ತನ್ನ ಹೊಸ ಪಟ್ಟಣ ನವರಸಪುರ ಶುರು ಮಾಡಿದ್ದೂ ಅಲ್ಲೇ, 1599ರಾಗ. 1624ರಾಗ ಮಲಿಕ ಅಂಬರನ ದಂಡು ಬಂದು ಅದನ್ನ ಹಾಳ ಮಾಡಿತು. ತೊರವಿ ವಿಜಾಪುರಕ್ಕಿಂತ ಎತ್ತರದ ಮ್ಯಾಲೈತಿ. ಅಲ್ಲಿಯ ನೆಲದಾಗಿನ ನೀರನ್ನ ಸುರಂಗ ತೋಡಿ ಊರಿಗೆ ತಂದಿದ್ರು. ಸುರಂಗ ಬಾವಿ ಅಂತ ಈಗೂ ಕರೀತಾರ.

ಸುರಂಗ ಬಾವಿ ಒಂದು ಬಾವಿಯಲ್ಲ, ಸಾಲು ಬಾವಿ. ನೆಲದ ಕೆಳಗ ಉದ್ದಕ್ಕೂ ಸುರಂಗ, ಅದರ ಮ್ಯಾಲೆ ಅಷ್ಟಷ್ಟು ದೂರಕ್ಕ ಗಾಳಿಗೆ, ಬೆಳಕಿಗೆ, ಮಣ್ಣು ಎತ್ತಾಕ ಒಂದೊಂದು ತೂತು. ಈ ವಿದ್ಯಾ ಇರಾಣದಿಂದ ಬಂದದ್ದು. ಅಲ್ಲಿ ಸಾವಿರ ವರ್ಷದ ಹಿಂದ ಕರಜೀ ಅನ್ನೋ ಗಣಿತದ ಪಂಡಿತ ನೆಲದಾಗ ಅಡಗಿದ ನೀರನ್ನ ಹೆಂಗ ಹೊರಗ ತರಬೇಕು, ಮಟ್ಟ ಹೆಂಗ ನೋಡಬೇಕು ಅಂತ ಪುಸ್ತಕಾನೇ ಬರದಿದ್ದ. ನಮ್ಮ ಬೀದರದ ನೌಬಾದದಾಗ ಬಹಮನಿ ಕಾಲದ ಇಂಥದ್ದೇ ಕರೇಜ ಐತಿ. ಅಲ್ಲಿ ಮ್ಯಾಲೆ ಕೆಂಪು ಜಂಬಿಟ್ಟಿಗಿ ಕಲ್ಲು, ಕೆಳಗ ಕರಿಕಲ್ಲು. ಮಳಿ ನೀರು ಕೆಂಪು ಕಲ್ಲಿನೊಳಗ ಇಂಗಿ ಕರಿಕಲ್ಲಿನ ಮ್ಯಾಲೆ ಬಂದು ನಿಲ್ಲತೈತಿ, ಸುರಂಗ ಅದನ್ನ ಹಿಡಕೊಂಡು ಹೋಗ್ತೈತಿ. ಜಗತ್ತಿನ ಕಾಪಾಡಬೇಕಾದ ಹಳೇ ಜಾಗಾಗಳ ಪಟ್ಟಿ ಮಾಡೋ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ 2020ರ ಪಟ್ಟಿಯೊಳಗ ದಖ್ಖನದ ಹಳೇ ನೀರಿನ ವ್ಯವಸ್ಥಾಗಳನ್ನ ಸೇರಿಸಿತ್ತು.

ಈ ಸುರಂಗದ ಗುಟ್ಟೆಲ್ಲಾ ಉತಾರದಾಗ ಐತಿ. ಇಂಥಾ ಉದ್ದ ಸುರಂಗಕ್ಕ ಸಾವಿರ ಅಡಿಗೆ ಒಂದು ಅಡಿಯಷ್ಟು, ಕೆಲವು ಕಡೆ ಅದಕ್ಕಿಂತಲೂ ಕಡಿಮಿ ಇಳಿಜಾರ ಕೊಡ್ತಾರ. ಹೆಚ್ಚಾದ್ರ ನೀರು ಓಡಿ ತಳಾ ಕಿತ್ತತೈತಿ, ಗ್ವಾಡಿ ಕುಸೀತೈತಿ. ಕಡಿಮಿ ಆದ್ರ ನೀರು ನಿಂತು ಹೂಳು ತುಂಬತೈತಿ. ಎರಡರ ನಡುವಿನ ಆ ಸಣ್ಣ ಹಾದಿಯನ್ನ ನೆಲದ ಹೊಟ್ಟಿಯೊಳಗ ದೀಪದ ಬೆಳಕಿನಾಗ ಹಿಡಕೊಂಡು ಹೋದವರು ಎಂಥಾ ಕೈಯವರಿರಬೇಕು! ನಮ್ಮ ಹಿತ್ತಲದಾಗ ಮೂವತ್ತು ಅಡಿಗೆ ಎರಡು ಅಡಿ ಇಳಿಸಿದ್ವಿ. ತೊರವಿಯ ಸುರಂಗ ತೋಡಿದವರು ನೋಡಿದ್ರ ಸೆರಗು ಬಾಯಿಗೆ ಹಿಡಕೊಂಡು ನಕ್ಕಿರತಿದ್ರು. ಅವರಿಗೆ ಸೆರಗು ಇರಲಿಲ್ಲ ಬಿಡ್ರಿ.

ಈಗ ಗಂಜಿನ ಮಾತು. ಬೇಗಂ ತಲಾಬದ ಬಲಕ್ಕ ನೆಲದ ಕೆಳಗ ಒಂದು ಕೋಣಿ. ಅಲ್ಲಿಂದ ಮಣ್ಣಿನ ಕೊಳವಿಯೊಳಗ ನೀರು ಊರಿಗೆ ಬರತಿತ್ತು. ಕೊಳವಿ ಅಂದ್ರ ಕುಂಬಾರ ಮಾಡಿ ಸುಟ್ಟದ್ದು, ಬಾಯಿ ಸುಮಾರು 8 ಇಂಚು, ಒಂದಕ್ಕೊಂದು ಸೇರಿಸಿ ಸುತ್ತ ಗಚ್ಚು ಹಾಕಿದ್ದು. ನೆಲದೊಳಗ 15 ಅಡಿಯಿಂದ 50 ಅಡಿತನಕ ಆಳದಾಗ ಹೂಳಿದ್ರು. ನೆಲಾ ಏರು ತಗ್ಗು ಇದ್ದಲ್ಲೆ ಕೊಳವಿಯೊಳಗಿನ ನೀರಿಗೆ ಒತ್ತಡ ಬರತೈತಿ. ಮಣ್ಣಿನ ಕೊಳವಿ ಎಷ್ಟು ತಡದೀತು? ಅದಕ್ಕ ಅಷ್ಟು ದೂರಕ್ಕೊಂದು 25ರಿಂದ 40 ಅಡಿ ಎತ್ತರದ ಗಂಜ ಕಟ್ಟಿದ್ರು. ನೀರು ಅದರೊಳಗ ತನ್ನ ಮಟ್ಟಕ್ಕ ಏರತೈತಿ, ಒತ್ತಡ ಗಾಳಿಗೆ ಬಿಡತೈತಿ, ಮುಂದಿನ ಕೊಳವಿಗೆ ಸಾವಕಾಶ ಇಳೀತೈತಿ. ನಮ್ಮ ಕುಕ್ಕರಿನ ಸೀಟಿ ಮಾಡೋ ಕೆಲಸಾ ಅದು, ಸಪ್ಪಳ ಇಲ್ಲದ. ಮತ್ತ, ಹಿಂಗ ನೀರು ತುಸು ನಿಂತಾಗ ರಾಡಿ ತಳಕ್ಕ ಕುಂದರತೈತಿ, ತಿಳಿನೀರು ಮುಂದಕ್ಕ ಹೋಗ್ತೈತಿ. ಹರವಿಯೊಳಗ ನೀರು ಒಂದು ರಾತ್ರಿ ಇಟ್ಟು ಮುಂಜಾನೆ ಮ್ಯಾಲಿಂದ ತಿಳಿ ಬಗ್ಗಸ್ತಿದ್ದೆವಲ್ಲ, ಅದೇ ಲೆಕ್ಕ. ಹೆನ್ರಿ ಕಸಿನ್ಸ ಅನ್ನೋ ಇಂಗ್ಲೀಷ ಅಧಿಕಾರಿ 1916ರಾಗ ವಿಜಾಪುರದ ಕಟ್ಟಡಗಳ ಮ್ಯಾಲೆ ದೊಡ್ಡ ಪುಸ್ತಕ ತಂದಾಗ ಗುಮ್ಮಟ, ಮಸೂತಿಗಳ ಜೊತಿಗೆ ಈ ನೀರಿನ ಕೆಲಸಾನೂ ಬರದಿಟ್ಟ. ಪುಣ್ಯಾ ಬರ್ಲಿ ಅವನಿಗೆ.

ಇದು ಊರ ಹೊಟ್ಟಿಗೆ ಬೇಕಾದ ನೀರು. ಇನ್ನ ಅತ್ತಿಯವರು ಬೈದ ನೀರಿದೆಯಲ್ಲ, ಕುಣಿಯೋ ನೀರು, ಅದನ್ನ ನೋಡಬೇಕಂದ್ರ ಕುಮಟಗಿಗೆ ಹೋಗಬೇಕು. ಮದಿವಿ ಮರುದಿನ ಸೊಸೀನ್ನ ಕರಕೊಂಡು ಹೋದೆ. ವಿಜಾಪುರದಿಂದ ಸಿಂದಗಿ ರಸ್ತಾದ ಮ್ಯಾಲೆ ಸುಮಾರು 16 ಕಿಲೋಮೀಟರ. ಬಸ್ಸಿಳದು ಕೆರಿ ಕಡೆ ನಡದ್ರ, ಬಯಲಾಗ ಹಳೇ ಮಹಲುಗಳು. ಚೌಕ ಹೊಂಡದ ನಡುವ ಎರಡು ಅಂತಸ್ತಿನ ಸಣ್ಣ ಮಹಲ, ಅದಕ್ಕ ಹೋಗಾಕ ಕಲ್ಲಿನ ಹಾದಿ. ಆದಿಲಶಾಹಿ ಅರಸರು ಬ್ಯಾಸಗಿ ಕಳೆಯಾಕ ಮಾಡಿಕೊಂಡ ಜಾಗಾ.

ಇಲ್ಲಿ ನೀರನ್ನ ಗೋಪುರದ ಮ್ಯಾಲೆ ಏರಿಸಿ, ಅಲ್ಲಿಂದ ಮಣ್ಣಿನ ಕೊಳವಿಯೊಳಗ ಇಳಿಸಿ, ಒಂದು ಹೌದದಿಂದ ಇನ್ನೊಂದಕ್ಕ, ಹೊಂಡದಿಂದ ಮಹಲಿಗೆ ತಂದಿದ್ರು. ಎತ್ತರದಿಂದ ಇಳದು ಬಂದ ನೀರಿಗೆ ಕಾರಂಜಿ ಚಿಮ್ಮೋ ಶಕ್ತಿ ತಾನಾಗೇ ಬರತಿತ್ತು. ಪಂಪಿಲ್ಲ, ಕರೆಂಟಿಲ್ಲ. ಬಿದ್ದ ಗ್ವಾಡಿಯೊಳಗ ಒಡದ ಕೊಳವಿ ಬಾಯಿ ತಗದುಕೊಂಡು ಕುಂತಾವ, ಸೊಸಿ ಕೈ ಇಟ್ಟು ನೋಡಿದಳು. ಒಂದು ಮಹಲಿನ ಗ್ವಾಡಿ ಮ್ಯಾಲೆ ಬಣ್ಣದ ಚಿತ್ರ ಇನ್ನೂ ಅಲ್ಲಲ್ಲೆ ಕಾಣ್ತಾವ: ಕುಸ್ತಿ ಹಿಡಿಯೋರು, ಕುದರಿ ಮ್ಯಾಲೆ ಚೆಂಡಾಡೋರು, ಟೊಪಗಿ ಹಾಕಿದ ಯುರೋಪಿನವರು. ಬಹಳ ಮಾಸ್ಯಾವ. ಜನ ತಮ್ಮ ಹೆಸರು ಕೆತ್ತಿದ್ದು ಮಾತ್ರ ಢಾಳಾಗಿ ಕಾಣತೈತಿ.

ವಿಜಾಪುರದ ಕೋಟಿಯೊಳಗೂ ಇಂಥಾ ಚಟಾ ಇತ್ತು. ಸಾತ ಮಂಜಿಲದಾಗ ಮ್ಯಾಲಿನ ಅಂತಸ್ತಿಗೂ ಕೊಳವಿ ಏರಿಸಿದ್ರು, ಅದರ ಎದುರಿಗೆ ನೀರಿನ ನಡುವ ಜಲಮಂಜಿಲ ಕಟ್ಟಿದ್ರು. ಆಸಾರ ಮಹಲಿನ ಮುಂದ ದೊಡ್ಡ ಹೊಂಡ. ಬಿಸಲ ನಾಡಿನ ಅರಸರಿಗೆ ನೀರು ಕಣ್ಣೆದುರಿಗೆ ಬೇಕು. ನನಗ ಕುಮಟಗಿ ಚಂದ ಕಂಡಿತು, ಖರೇ ಹೇಳ್ತೀನಿ. ಆದ್ರ ಹೊಟ್ಟಿಯೊಳಗ ತುಸು ಉರೀನೂ ಆತು. ಸುತ್ತಲ ಹೊಲದಾಗ ಜ್ವಾಳ ಒಣಗಿದ ವರ್ಷದಾಗೂ ಇಲ್ಲಿ ಕಾರಂಜಿ ಚಿಮ್ಮಿತ್ತೇನೋ ಅನ್ನೋ ವಿಚಾರ ತಲಿಯಿಂದ ಹೋಗಲಿಲ್ಲ. ಗಂಜ ಕಟ್ಟಿದ ಕೈಗಳೇ ಇದನ್ನೂ ಕಟ್ಟಿರಬೇಕು. ಕೈ ಒಂದೇ, ನೀರಿನ ದಾರಿ ಬ್ಯಾರೆ. ಅತ್ತಿಯವರ ಮಾತು ಅಲ್ಲಿ ನಿಂತಾಗ ನನಗ ಪೂರಾ ತಿಳೀತು.

1686ರಾಗ ಔರಂಗಜೇಬ ವಿಜಾಪುರ ಗೆದ್ದ. ಮುಂದ ಕೆಲವೇ ವರ್ಷದಾಗ ಪ್ಲೇಗ ಬಂತು. ಊರು ಖಾಲಿ ಆತು. ಕೊಳವಿ ಒಡದದ್ದಕ್ಕಿಂತ, ಗಂಜಿನ ತಳದ ರಾಡಿ ತಗಿಯೋರು ಇಲ್ಲದ್ದಕ್ಕ ನೀರು ನಿಂತಿರಬೇಕು ಅಂತ ನನ್ನ ಅಂದಾಜ. ಮನಿಯೊಳಗ ಬಚ್ಚಲ ಮೋರಿ ಎಂಟು ದಿನ ಬಿಟ್ರ ಏನಾಗ್ತೈತಿ ನಮಗ ಗೊತ್ತಿಲ್ಲೇನು? ತಾಜ ಬಾವಡಿಯೊಳಗ ನಮ್ಮ ಕಣ್ಣೆದುರಿಗೇ ಗಣಪತಿ ಮುಳಗಿಸಿ, ಕಸಾ ಒಗದು ನೀರು ಹಸರಾಗಿತ್ತು. ಈಚಿಗೆ ಹೂಳೆತ್ತಿ ಸ್ವಚ್ಛ ಮಾಡಿದ ಮ್ಯಾಲೆ ನೋಡಿದವರು ಅಷ್ಟು ಆಳ ಐತೇನ ಅಂತ ಬಾಯಿ ತಗದ್ರು.

ಊರಿಗೆ ಬಂದು ಗೌಂಡಿನ್ನ ಮತ್ತ ಕರಿಸಿದೆ. ಅವನಿಗೂ ಬ್ಯಾಸರಾಗಿತ್ತು, ಆದ್ರ ಗಂಜಿನ ಕಥಿ ಹೇಳಿದಾಗ ಕೂತು ಕೇಳಿದ. ಎರಡು ಅಡಿ ಇಳಿಜಾರ ಎಲ್ಲಿ ಹೋಗ್ಬೇಕು? ಅದನ್ನ ಕಾಲುವಿಯೊಳಗ ಹಂಚಿದ್ರ ನೀರು ಓಡತೈತಿ. ಅದಕ್ಕ ಮೂವತ್ತು ಅಡಿಯನ್ನ ನಾಕು ತುಂಡು ಮಾಡಿದ್ವಿ. ಒಂದೊಂದು ತುಂಡು ಏಳೂವರಿ ಅಡಿ, ಅದರೊಳಗ ಇಳಿಜಾರ ಬರೇ ಒಂದು ಇಂಚು. ತುಂಡಿನ ಕೊನಿಗೆ ಐದು ಇಂಚಿನ ಪಾವಟಿಗಿ. ನಾಕೈದಲಿ ಇಪ್ಪತ್ತು, ಮ್ಯಾಲೆ ನಾಕು, ಇಪ್ಪತ್ನಾಕು ಇಂಚು. ಸೊಸಿ ಗ್ವಾಡಿ ಮ್ಯಾಲೆ ಖಡುವಿಲೆ ಲೆಕ್ಕ ಬರದು ತೋರಿಸಿದಳು. ಪಾವಟಿಗಿ ತುದಿಗೆ ಶಹಾಬಾದ ಪರಸಿಯ ತುಂಡು ಒಂದು ಬೆರಳು ಎತ್ತರಿಸಿ ನಿಲ್ಲಿಸಿದ್ವಿ. ಪಂಪ ಬಂದ್ ಮಾಡಿದ್ರೂ ಒಂದೊಂದು ತುಂಡಿನ್ಯಾಗ ಆ ಪರಸಿ ಹಿಂದ ಅಷ್ಟು ನೀರು ನಿಲ್ಲತೈತಿ, ಎಲ್ಲಾ ಒಮ್ಮೆ ಕೆಳಗ ಬಂದು ಹೊಂಡ ಚೆಲ್ಲೂದಿಲ್ಲ. ಗುಬ್ಬಿ, ಪಾರಿವಾಳ ಬಂದು ಅಲ್ಲೇ ಕುಡೀತಾವ.

ಮಟ್ಟ ನೋಡಿದ್ದು ಗೌಂಡಿಯ ನೀರಿನ ಪೈಪಿಲೆ. ಪಾರದರ್ಶಕ ಪೈಪಿನ್ಯಾಗ ನೀರು ತುಂಬಿ ಎರಡೂ ತುದಿ ಎತ್ತಿ ಹಿಡದ್ರ ಎರಡೂ ಕಡೆ ನೀರು ಒಂದೇ ಮಟ್ಟಕ್ಕ ನಿಲ್ಲತೈತಿ. ಒಂದು ತುದಿ ನಾನು ಹಿಡದಿದ್ದೆ. ಗಂಜಿನ ಕಥಿಯೆಲ್ಲಾ ಆ ಪೈಪಿನೊಳಗೇ ಇತ್ತು, ಇಷ್ಟು ವರ್ಷ ಮನಿ ಕಟ್ಟೋವಾಗ ನೋಡೀನಿ, ಲಕ್ಷ್ಯ ಕೊಟ್ಟಿರಲಿಲ್ಲ.

ಮೊದಲ ಪಾವಟಿಗಿ ಕೆಳಗ ಒಂದು ಸಣ್ಣ ಕುಣಿ ಬಿಟ್ಟೀವಿ, ಒಂದು ಪರಾತದಷ್ಟು ಅಗಲ, ಒಂದು ಗೇಣು ಆಳ. ಬೋರಿನ ಉಸುಕು ಅಲ್ಲೇ ಕುಂದರತೈತಿ. ಅಮಾಸಿಗೊಮ್ಮೆ ಅದನ್ನ ತಗದು ಹೂವಿನ ಕುಂಡಿಗೆ ಹಾಕ್ತೀವಿ. ಹೊಂಡ ತುಂಬಿದ ಮ್ಯಾಲಿನ ನೀರು ಸೀದಾ ಲಿಂಬಿ ಗಿಡದ ಪಾತಿಗೆ. ನಮ್ಮ ಇಂಡಿ ಲಿಂಬಿಗೆ 2023ರಾಗ ಭೌಗೋಳಿಕ ಗುರುತಿನ ಮಾನ್ಯತಾ ಸಿಕ್ಕೈತಿ ಅಂತ ಗೊತ್ತಲ್ಲ. ನಮ್ಮ ನಾಕು ಗಿಡಕ್ಕ ಅದು ಗೊತ್ತಿಲ್ಲ, ಆದ್ರ ಈ ಸಲ ಕಾಯಿ ಛಲೋ ಹಿಡದಾವ.

ಹೋದ ವಾರ ಸಂಜೀಕ ನೋಡ್ತೀನಿ, ಅತ್ತಿಯವರು ಕುರ್ಚಿ ಹಾಕಿಕೊಂಡು ಮೂರನೇ ಪಾವಟಿಗಿ ಹತ್ರ ಕುಂತಾರ. ಕೈಯಾಗ ಒಂದು ಕಡ್ಡಿ, ಪರಸಿಗೆ ಸಿಕ್ಕ ಬೇವಿನ ಎಲಿ ತಗದು ಆಚೆ ಹಾಕಾಕತ್ತಾರ. ನನ್ನ ನೋಡಿ, "ಈ ಎರಡನೇ ತುಂಡಿನ್ಯಾಗ ನೀರು ಎಡಕ್ಕ ವಾಲತೈತಿ, ಗೌಂಡಿಗೆ ಹೇಳು" ಅಂದ್ರು.

ಹೇಳೀನಿ. ಸೋಮವಾರ ಬರ್ತೀನಂದಾನ. ಕುಮಟಗಿ ನೋಡೋರಿದ್ರ ಮುಂಜಾನೆ ಲಗೂ ಹೋಗ್ರಿ, ಅಲ್ಲಿ ನೆಳ್ಳಿಲ್ಲ, ಕುಡಿಯೋ ನೀರು ಮನಿಯಿಂದ ಒಯ್ಯಬೇಕು. ಶ್ರಾವಣದಾಗ ನಮ್ಮ ಚಿಗವ್ವಗೋಳು, ವೈನಿಗೋಳು ಕೂಡಿ ಒಂದು ಗಾಡಿ ಮಾಡಿಕೊಂಡು ತೊರವಿ, ಕುಮಟಗಿ ಎರಡೂ ಮುಗಿಸೋಣ ಅಂತ ಮಾತಾಗೈತಿ. ಬರೋರು ಹೆಸರು ಹೇಳ್ರಿ, ರೊಟ್ಟಿ ಎಷ್ಟು ಬಡೀಬೇಕು ನನಗ ಲೆಕ್ಕ ಬೇಕು.